ಭಯಂಕರ ಯಾವ ಡಬ್ಬಿಗೆ

ಹೆದರಿಸುವ ಆಟವೊಂದಕ್ಕೆ ಸದ್ದು ಮಾಡಿಕೊಟ್ಟ ಹೆಂಗಸನ್ನು, ಆ ಆಟ ಆಡಿದವರೆಲ್ಲ ಹೆದರಿಕೊಂಡರು ಎಂಬ ಕಾರಣಕ್ಕೆ, ಒಂದು ಸೋಮವಾರ ಕೆಲಸದಿಂದ ತೆಗೆದುಹಾಕಿದರು.

ಅವಳ ಹೆಡ್‌ಫೋನನ್ನು ವಾಪಸು ಇಸಿದುಕೊಂಡು, ಒಂದು ಬಕೆಟ್, ಎರಡು ಒದ್ದೆ ಟವೆಲ್, ಒಂದು ಸೈಕಲ್ ಪಂಪು ಮತ್ತು ಹಲ್ಲು ಮುರಿದ ಒಂದು ಬಾಚಣಿಗೆಯನ್ನು ಕೈಗೆ ಕೊಟ್ಟು ಕಳಿಸಿದರು. ಅವು ಸದ್ದು ಹುಟ್ಟಿಸುವ ಅವಳ ಕಸುಬಿನ ಸಾಮಾನು. ಗೇಟಿನ ಕಾವಲುಗಾರ ಬಕೆಟ್ಟಿನೊಳಗೆ ಇಣುಕಿ, "ಇಲ್ಲಿ ಸ್ನಾನಕ್ಕೂ ವ್ಯವಸ್ಥೆ ಇದೆ ಅಂತ ನಮಗೆ ಯಾರೂ ಹೇಳಲೇ ಇಲ್ಲವಲ್ಲ" ಎಂದು ಬೇಸರಪಟ್ಟುಕೊಂಡ.

ಈ ಕೆಲಸಕ್ಕೆ ಕಾರಣನಾದ ಮಹಾಶಯ ಆ ಹೊತ್ತಿನಲ್ಲಿ ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ, ಕನ್ನಡ ಭಾಷೆಯನ್ನು ತಾನೊಬ್ಬನೇ ಹೆಗಲ ಮೇಲೆ ಹೊತ್ತು ನಿಂತಿರುವ ದಣಿವಿನಲ್ಲಿ, ಟೀ ಕುಡಿಯುತ್ತಿದ್ದ. ಅವನು ಅವಳಿಗೆ ದೂರದವನಲ್ಲ. ಸ್ವಂತ ಅಕ್ಕನ ಗಂಡ, ಭಾವ.

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕಾಗುಣಿತ ಎಂದು. ಒಂದು ಮುದ್ರಣಾಲಯದಲ್ಲಿ ವರ್ಷಗಟ್ಟಲೆ ಕರಡು ತಿದ್ದಿ, ಆ ಮುದ್ರಣಾಲಯ ಮುಚ್ಚಿದ ಮೇಲೆ ತಿದ್ದಲು ಕರಡಿಲ್ಲದೆ ಬೀದಿಗಿಳಿದವನು. ಬೀದಿಯಲ್ಲಿ ಬೋರ್ಡುಗಳಿದ್ದವು. ಅಂಗಡಿಯ ಮುಂದೆ ನಿಂತು ಬೋರ್ಡು ಓದುವನು, ಒಳಗೆ ಹೋಗಿ ತಪ್ಪು ಹೇಳುವನು, ಏನೂ ಕೊಳ್ಳದೆ ಹೊರಗೆ ಬರುವನು. ಕ್ಷೌರದಂಗಡಿಯವನು ದೂರದಲ್ಲಿ ಇವನ ತಲೆ ಕಂಡರೆ ಸಾಕು, ಬೋರ್ಡಿನ ಮೇಲೆ ಟವೆಲ್ ಎಳೆಯುತ್ತಿದ್ದ. ಹೀಗೆ ಒಂದು ಇಡೀ ಬೀದಿ ಅವನಿಂದ ತಪ್ಪಿಸಿಕೊಂಡು ಬದುಕುತ್ತಿದ್ದಾಗ, ನಾದಿನಿಗೆ ಭಾವನ ಮೇಲೆ ಕರುಣೆ ಬಂದು, ತನ್ನ ಕಂಪನಿಯ ಮ್ಯಾನೇಜರನ್ನು ಕಾಡಿ ಬೇಡಿ ಅವನಿಗೊಂದು ಕುರ್ಚಿ ಕೊಡಿಸಿದ್ದಳು.

ಕಂಪನಿ ವಿಡಿಯೊ ಗೇಮ್ ಮಾಡುವಂಥದ್ದು. ಆಡಿದವರು ತಮ್ಮ ಅಭಿಪ್ರಾಯ ಬರೆದು ಕಳಿಸುತ್ತಿದ್ದರು. ಮೊದಲು ಐದರಲ್ಲಿ ಇಷ್ಟು ಸ್ಟಾರ್ ಎಂದು ಕೊಡುವ ಪದ್ಧತಿಯಿತ್ತು. ಎದುರಾಳಿ ಕಂಪನಿಯವರು ತಮ್ಮ ಆಟಕ್ಕೆ ತಾವೇ ಸ್ಟಾರ್ ಸುರಿದುಕೊಳ್ಳುವುದು ಗೊತ್ತಾದ ಮೇಲೆ, ಇನ್ನು ಮಾತು ಮಾತ್ರ ಎಂದು ತೀರ್ಮಾನವಾಯಿತು. ಮಾತನ್ನು ಓದಲು ಒಂದು ಯಂತ್ರ ಇಟ್ಟರು. ಆ ಯಂತ್ರ ಮೊದಲ ದಿನವೇ "ಲೋ ಮಗನೇ, ಎಂಥಾ ಆಟ ಮಾಡಿದ್ದೀಯೋ" ಎಂಬ ಅಭಿಪ್ರಾಯವನ್ನು ಕುಟುಂಬದ ಖಾಸಗಿ ವಿಷಯವೆಂದು ಬದಿಗೆ ಸರಿಸಿತು. ಹಾಗಾಗಿ ಕನ್ನಡಕ್ಕೆ ಮನುಷ್ಯನೇ ಬೇಕಾಯಿತು.

"ಕನ್ನಡ ಚೆನ್ನಾಗಿ ಬರುತ್ತೇನ್ರೀ?" ಎಂದು ಮ್ಯಾನೇಜರ್ ಕೇಳಿದ್ದರು.

"ಬರುತ್ತೆ ಅನ್ನೋದು ಸಣ್ಣ ಮಾತು ಸಾರ್. ನಾನು ಬಂದ್ರೆ ಕನ್ನಡ ಎದ್ದು ನಿಲ್ಲುತ್ತೆ."

ಮ್ಯಾನೇಜರಿಗೆ ಇದರ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಅರ್ಹತೆ ಎಂದು ತಿಳಿಯುವುದು ದೊಡ್ಡ ಕುರ್ಚಿಗಳ ಹಳೆಯ ಅಭ್ಯಾಸ. ಕೆಲಸವಾಯಿತು.

ಕೆಲಸವೇನೋ ಸುಲಭ. ಪರದೆಯ ಮೇಲೆ ಎರಡು ಡಬ್ಬಿ. ಹಸಿರು ಡಬ್ಬಿ ಮೆಚ್ಚುಗೆಗೆ, ಕೆಂಪು ಡಬ್ಬಿ ದೂರಿಗೆ. ಒಂದೊಂದೇ ಅಭಿಪ್ರಾಯ ಓದಿ, ಎಳೆದು, ಯಾವುದಾದರೂ ಒಂದು ಡಬ್ಬಿಗೆ ಬಿಡುವುದು. ಹಾಗೆಯೇ ಆಟದ ಯಾವ ಭಾಗದ ಬಗ್ಗೆ ಮಾತು ಎಂದು ಗುರುತು ಹಾಕುವುದು. ಕಥೆಯೋ, ಚಿತ್ರವೋ, ಸದ್ದೋ, ಕೊನೆಯೋ. ಕಾಗುಣಿತ ತನ್ನ ಮೇಜಿನ ಮುಂದಿನ ಗೋಡೆಗೆ ಒಂದು ಚೀಟಿ ಅಂಟಿಸಿಕೊಂಡ: ಬರೆದದ್ದಕ್ಕೆ ಬರೆದಷ್ಟೇ ಅರ್ಥ.

ಆಗ ಬಂದದ್ದು 'ತೇವ' ಎಂಬ ಆಟ. ಮುಚ್ಚಿಹೋದ ಒಂದು ಲಾಡ್ಜು. ನೀರಿನ ಮೀಟರ್ ಓದುವವನೊಬ್ಬ ಅಲ್ಲಿಗೆ ಹೋಗುತ್ತಾನೆ. ಒಳಗೆ ಯಾರೂ ವಾಸವಿಲ್ಲ, ಆದರೂ ಮೀಟರ್ ತಿರುಗುತ್ತಿದೆ. ಗೋಡೆಯ ಮೇಲಿನ ತೇವದ ಕಲೆ ಒಮ್ಮೆ ನೋಡಿದಲ್ಲಿ ಇನ್ನೊಮ್ಮೆ ಇರುವುದಿಲ್ಲ. ಆಡುವವನೇ ಆ ಮೀಟರ್ ಓದುವವ. ಆ ಲಾಡ್ಜಿನಲ್ಲಿ ಕೇಳುವ ಪ್ರತಿ ಹೆಜ್ಜೆ, ಪ್ರತಿ ಹನಿ, ಗೋಡೆಯೊಳಗಿನ ಪ್ರತಿ ಕೆರೆತ ನಾದಿನಿಯ ಕೈಯವು.

ಆಟ ಹೊರಬಿದ್ದದ್ದೇ ತಡ, ಅಭಿಪ್ರಾಯಗಳು ನುಗ್ಗಿದವು. "ಭಯಂಕರ." "ಭಯಂಕರ ಆಟ ಗುರು." "ಸದ್ದು ಭಯಂಕರ." "ಆ ಹೆಜ್ಜೆ ಸದ್ದಿಗೆ ಜೀವ ಬಾಯಿಗೆ ಬಂತು."

ಕಾಗುಣಿತ ನಿಟ್ಟುಸಿರು ಬಿಟ್ಟು ಎಲ್ಲವನ್ನೂ ಕೆಂಪಿಗೆ ಹಾಕುತ್ತ ಹೋದ. ಪಕ್ಕದ ಮೇಜಿನಲ್ಲಿ ಲೆಕ್ಕ ನೋಡುತ್ತಿದ್ದ ಹೆಂಗಸು ಕತ್ತು ಚಾಚಿ ನೋಡಿದಳು.

"ರೀ ಕಾಗುಣಿತ, ಇದು ಬೈದಿದ್ದಲ್ಲ ಅನ್ಸುತ್ತೆ."

"ಭಯಂಕರ ಅಂದ್ರೆ ಭಯ ಉಂಟುಮಾಡೋದು ಮೇಡಂ. ನಿಮಗೆ ಯಾರಾದ್ರೂ ಭಯ ಉಂಟುಮಾಡಿದ್ರೆ ಮೆಚ್ಚುಗೆ ಬರೀತೀರಾ?"

"ಅಲ್ಲ, ಇವರು ದುಡ್ಡು ಕೊಟ್ಟು ಭಯಪಡೋಕೇ ಅಂತ ಬಂದವರಲ್ವಾ?"

"ಅದು ಅವರ ಮನೆಯ ಆರೋಗ್ಯದ ವಿಷಯ. ನನ್ನದು ಭಾಷೆಯ ವಿಷಯ."

ಇನ್ನು ಆಟದ ಕೊನೆ. ಅಷ್ಟು ಹೊತ್ತು ಜೀವ ಹಿಂಡಿದ ಮೇಲೆ, ಕೊನೆಯಲ್ಲಿ ಮೀಟರ್ ಓದುವವನು ಮಂಚದಿಂದ ಎದ್ದು ಆಕಳಿಸುತ್ತಾನೆ. ಎಲ್ಲವೂ ಕನಸು. ಹಲ್ಲುಜ್ಜಲು ಹೋಗುತ್ತಾನೆ. ಮುಗಿಯಿತು. ಈ ಕೊನೆಯನ್ನು ಬರೆದವನು ಮ್ಯಾನೇಜರ್ ಹೆಂಡತಿಯ ತಮ್ಮ. ಅದರ ಬಗ್ಗೆ ಆಟಗಾರರು ಬರೆದರು: "ಕನಸಂತೆ. ದೊಡ್ಡ ನಮಸ್ಕಾರ." "ಏನ್ ತಲೆ ಸ್ವಾಮಿ ನಿಮ್ಮದು, ಮ್ಯೂಸಿಯಂನಲ್ಲಿ ಇಡಬೇಕು." "ಈ ಕೊನೆ ಬರೆದ ಪುಣ್ಯಾತ್ಮನ ಪಾದ ಎಲ್ಲಿದೆ ಹೇಳಿ, ಹುಡುಕ್ತಾ ಇದ್ದೀನಿ."

ಕಾಗುಣಿತನ ಕಣ್ಣು ಒದ್ದೆಯಾಯಿತು. ಇಷ್ಟು ವಿನಯದ ಓದುಗರನ್ನು ಅವನು ಮುದ್ರಣಾಲಯದಲ್ಲೂ ಕಂಡಿರಲಿಲ್ಲ. ಅಷ್ಟನ್ನೂ ಹಸಿರಿಗೆ ಹಾಕಿದ.

ನಡುವೆ ಕೆಲವರು ನಿಜಕ್ಕೂ ತೂಗಿ ನೋಡಿ ಬರೆದಿದ್ದರು. ಮಂಜು ಮುಸುಕಿದ ಮೊಗಸಾಲೆ ಚೆನ್ನಾಗಿದೆ, ಆದರೆ ಬೀಗ ಹುಡುಕಿ ಹುಡುಕಿ ಸಾಕಾಯಿತು, ಮೊದಲ ಅರ್ಧ ಉಸಿರು ಬಿಡಲಿಲ್ಲ, ಎರಡನೇ ಅರ್ಧದಲ್ಲಿ ಅವನು ನಡೆಯುವ ನಿಧಾನಕ್ಕೆ ನಾನೇ ಇಳಿದು ತಳ್ಳೋಣ ಅನ್ನಿಸಿತು, ಹೀಗೆ. ಇಂಥವರು ಕಾಗುಣಿತನಿಗೆ ಹಿಡಿಸಲಿಲ್ಲ. ಒಂದೇ ವಾಕ್ಯದಲ್ಲಿ ಎರಡು ಡಬ್ಬಿಯ ಮಾತಾಡುವವರು ಮನಸ್ಸು ಗಟ್ಟಿಯಿಲ್ಲದವರು ಎಂದು, ವಾಕ್ಯ ಯಾವ ಪದದಲ್ಲಿ ಮುಗಿಯುವುದೋ ಆ ಪದದ ಡಬ್ಬಿಗೆ ತಳ್ಳಿದ.

ಆಮೇಲೆ ಸಾವುಗಳು ಶುರುವಾದವು.

"ಸತ್ತೆ." "ಸತ್ತೇ ಹೋದೆ ಮಾರಾಯ." "ಆ ಪಂಪಿನ ಥರದ ಉಸಿರು ಕೇಳಿ ಅಲ್ಲೇ ಸತ್ತೆ." "ಬಾತ್‌ರೂಮ್ ಬಾಗಿಲ ಹತ್ತಿರ ಹನ್ನೊಂದು ಸಲ ಸತ್ತೆ."

ಹನ್ನೊಂದು ಸಲ ಸತ್ತವನ ಮುಂದೆ ಕಾಗುಣಿತ ತುಸು ಹೊತ್ತು ತಡೆದ. ಇಲ್ಲಿ ವಚನದೋಷವಿದೆ ಎಂದು ಅವನಿಗೆ ಅನ್ನಿಸಿತು. ಆದರೂ ಬರೆದದ್ದಕ್ಕೆ ಬರೆದಷ್ಟೇ ಅರ್ಥ. ಕೆಂಪು ಡಬ್ಬಿಯೊಳಗೆ ಇನ್ನೊಂದು ಸಣ್ಣ ಡಬ್ಬಿ ಮಾಡಿ, 'ಮರಣ' ಎಂದು ಹೆಸರಿಟ್ಟು, ಸತ್ತವರನ್ನೆಲ್ಲ ಅದರಲ್ಲಿ ಮಲಗಿಸಿದ. ಅವರಲ್ಲಿ ಬಹುತೇಕರು ಸದ್ದಿನಿಂದಲೇ ಸತ್ತಿದ್ದರು.

ಮ್ಯಾನೇಜರ್ ಅಭಿಪ್ರಾಯಗಳನ್ನು ಓದುವವರಲ್ಲ. ಅವರು ಬಣ್ಣ ನೋಡುವವರು. ಆ ಶುಕ್ರವಾರದ ಸಭೆಯಲ್ಲಿ ಅವರ ಮುಂದೆ ಹಸಿರು ಕಂಬವೊಂದು, ಕೆಂಪು ಕಂಬವೊಂದು ಎದ್ದು ನಿಂತವು. ಹಸಿರಿನ ನೆತ್ತಿಯ ಮೇಲೆ 'ಕೊನೆ'. ಕೆಂಪಿನ ನೆತ್ತಿಯ ಮೇಲೆ 'ಸದ್ದು'. ಕೆಂಪಿನ ಬುಡದಲ್ಲಿ 'ಮರಣ'.

"ಇದೇನ್ರೀ ಇದು, ಮರಣ?"

"ಸದ್ದು ಕೇಳಿ ಸತ್ತವರು ಸಾರ್. ಅವರೇ ಬರೆದು ಕಳಿಸಿದ್ದಾರೆ."

ಸತ್ತವರು ಹೇಗೆ ಬರೆದರು ಎಂದು ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ. ಹವಾನಿಯಂತ್ರಿತ ಕೋಣೆಗಳಲ್ಲಿ ಇಂಥ ಪ್ರಶ್ನೆ ಹೆಪ್ಪುಗಟ್ಟಿಬಿಡುತ್ತದೆ. ಮ್ಯಾನೇಜರ್ ಬೆವರು ಒರೆಸಿಕೊಂಡು ಎದ್ದು ಬಂದು ಕಾಗುಣಿತನ ಬೆನ್ನು ತಟ್ಟಿದರು.

"ಒಳ್ಳೇ ಟೈಮಿಗೆ ಹೇಳಿದ್ರಿ. ಭಯಂಕರ ಕೆಲಸ ಮಾಡಿದ್ದೀರಿ ಕಾಗುಣಿತ."

ಕಾಗುಣಿತನ ಮುಖ ಬಿಳಿಚಿಕೊಂಡಿತು. "ತಪ್ಪಾಗಿದ್ರೆ ಕ್ಷಮಿಸಿ ಸಾರ್. ತಿದ್ಕೊಳ್ತೀನಿ."

"ತಿದ್ದೋದೇನು ಬಂತು, ಹೀಗೇ ಮಾಡ್ಕೊಂಡು ಹೋಗಿ."

ಬೈಯುತ್ತಲೇ ಹೀಗೇ ಮಾಡು ಎನ್ನುವ ಅಧಿಕಾರಿಯ ಮನಸ್ಸನ್ನು ಅರಿಯಲಾಗದೆ ಅವನು ಎರಡು ರಾತ್ರಿ ನಿದ್ದೆಗೆಟ್ಟ. ಸೋಮವಾರ ಮ್ಯಾನೇಜರ್ ಹೆಂಡತಿಯ ತಮ್ಮನಿಗೆ ಬಡ್ತಿ ಸಿಕ್ಕಿತು. ಇನ್ನು ಮೇಲೆ ಕಂಪನಿಯ ಎಲ್ಲ ಆಟಗಳ ಕೊನೆಯನ್ನೂ ಅವನೇ ಬರೆಯಬೇಕು, ಕಾರು ಓಡಿಸುವ ಆಟವೂ ಕನಸಾಗಿಯೇ ಮುಗಿಯಬೇಕು ಎಂದು ಆದೇಶವಾಯಿತು. ಅದೇ ಸೋಮವಾರ ನಾದಿನಿಯ ಕೈಗೆ ಬಕೆಟ್ ಬಂತು.

ಕಾಗುಣಿತ ಸಂಜೆ ಮನೆಗೆ ಬಂದಾಗ ಹಜಾರದ ನಟ್ಟನಡುವೆ ಆ ಬಕೆಟ್ ಕೂತಿತ್ತು. ಅದರ ಸುತ್ತ ಮೂವರು ಹೆಂಗಸರು: ಹೆಂಡತಿ, ನಾದಿನಿ, ಅತ್ತೆ.

"ಭಾವ," ಎಂದಳು ನಾದಿನಿ, "ಭಯಂಕರ ಅಂತ ಬಂದಿದ್ದನ್ನೆಲ್ಲ ಯಾವ ಡಬ್ಬಿಗೆ ಹಾಕಿದ್ರಿ?"

"ಕೆಂಪಿಗೆ. ನಾದಿನಿ ಅಂತ ನಾನು ಕೆಂಪನ್ನ ಹಸಿರು ಮಾಡೋಕಾಗುತ್ತಾ? ನ್ಯಾಯಕ್ಕೆ ನೆಂಟಸ್ತನ ಇಲ್ಲ ನೋಡಮ್ಮ."

"ಅದು ಹೆದರಿಸೋ ಆಟ ಭಾವ."

"ಇರಬಹುದು. ಹಾಗಂತ ಮರ್ಯಾದೆ ಬಿಟ್ಟು ಹೆದರಿಸೋದಾ?"

ನಾದಿನಿ ಬಕೆಟ್ಟಿನ ಕಡೆ ನೋಡಿದಳು. "ಇವತ್ತೇ ಮೂರು ಕಂಪನಿಗೆ ಫೋನ್ ಮಾಡಿದೆ. ನಿಮ್ಮ ಸದ್ದಿಗೆ ಜನ ಸತ್ತಿದ್ದಾರಂತಲ್ಲಮ್ಮ ಅಂದ್ರು. ಇನ್ನು ಈ ಕಸುಬಲ್ಲಿ ನನ್ನನ್ನ ಯಾರೂ ಬಾಗಿಲೊಳಗೆ ಬಿಡಲ್ಲ ಭಾವ. ಕೆಲಸ ಹೋಗಿದ್ದಲ್ಲ, ಕೈಯೇ ಹೋಯ್ತು."

ಹೆಂಡತಿ ಇಷ್ಟು ಹೊತ್ತು ಸುಮ್ಮನಿದ್ದಳು. ಅವಳು ಸುಮ್ಮನಿರುವುದು ಒಳ್ಳೆಯ ಲಕ್ಷಣವಲ್ಲ ಎಂಬುದು ಆ ಮನೆಯ ಫ್ಯಾನಿಗೂ ಗೊತ್ತಿತ್ತು.

"ರೀ, ನಮ್ಮ ಮದುವೆ ಮಾತಾಡಿದಾಗ ಅಮ್ಮ ನಿಮ್ಮ ಬಗ್ಗೆ ಏನಂದ್ರು ಗೊತ್ತಾ? ಹುಡುಗ ಭಯಂಕರ ಒಳ್ಳೆಯವನು ಅಂದ್ರು. ಅದನ್ನ ಯಾವ ಡಬ್ಬಿಗೆ ಹಾಕ್ತೀರಿ?"

ಕಾಗುಣಿತ ಕುರ್ಚಿಗೆ ಕುಸಿದ. "ಅತ್ತೆ, ನೀವು ನನ್ನನ್ನ ಭಯಂಕರ ಅಂದಿದ್ರಾ?"

"ಆಗ ಭಯಂಕರ ಒಳ್ಳೆಯವರು ಅಂದಿದ್ದೆ ಅಳಿಯಂದ್ರೇ," ಎಂದರು ಅತ್ತೆ. "ಈಗ ಒಳ್ಳೆಯವರು ಅನ್ನೋದನ್ನ ತೆಗೆದಿದ್ದೀನಿ."

ಅವನು ಅಂದು ಊಟ ಬಿಟ್ಟ. ಮನೆಯವರು ಅವನಿಲ್ಲದೆ ಉಂಡರು.

ಆ ಭಾನುವಾರ ಹೆಂಡತಿ ಮಾತಿಲ್ಲದೆ ಪರದೆ ಎಳೆದು ಹಜಾರವನ್ನು ಕತ್ತಲು ಮಾಡಿದಳು. ನಾದಿನಿ ಕಂಪ್ಯೂಟರ್ ತಂದು ಭಾವನ ಮುಂದಿಟ್ಟಳು. ಅಷ್ಟು ಸಾವಿರ ಅಭಿಪ್ರಾಯ ವಿಂಗಡಿಸಿದ ಮಹಾಶಯ ಆ ಆಟವನ್ನು ಒಂದು ಸಲವೂ ಆಡಿರಲಿಲ್ಲ. ಕರಡು ತಿದ್ದುವವನು ಕಥೆ ಓದಬಾರದು, ಓದಿದರೆ ಅಕ್ಷರ ಕಾಣುವುದಿಲ್ಲ ಎಂಬುದು ಅವನ ಸಿದ್ಧಾಂತ.

ಅಷ್ಟರಲ್ಲಿ ಕೆಳಗಿನ ಮನೆಯ ವಿಮೆ ಏಜೆಂಟ್ ಬಾಗಿಲು ತಟ್ಟಿದ. ತಿಂಗಳುಗಳಿಂದ ಮೇಲಿನ ಮನೆಯಲ್ಲಿ ಯಾರೋ ಒದ್ದೆ ಬಟ್ಟೆ ಎಸೆಯುತ್ತಾರೆ, ಯಾರೋ ಕಪಾಟು ಕೆರೆಯುತ್ತಾರೆ ಎಂದು ದೂರು ಹೇಳಲು ಬಂದವನು. ಕತ್ತಲಲ್ಲಿ ನಾಲ್ವರು ಕೂತಿರುವುದು ಕಂಡು, ದೂರನ್ನು ನುಂಗಿಕೊಂಡು, ಒಂದು ಮೂಲೆಯಲ್ಲಿ ಕೂತ.

ಆಟ ಶುರುವಾಯಿತು. ಲಾಡ್ಜಿನ ಬಾಗಿಲು. ತುಕ್ಕು ಹಿಡಿದ ಕೀಲು ನರಳಿತು.

"ಇದು ನಮ್ಮ ಬಚ್ಚಲು ಬಾಗಿಲು," ಎಂದಳು ಹೆಂಡತಿ.

"ಎಣ್ಣೆ ಬಿಡಬೇಡಿ ಅಂತ ಅದಕ್ಕೇ ಹೇಳಿದ್ದು ಅಕ್ಕ."

ಮೊಗಸಾಲೆಯಲ್ಲಿ ಮಂಜು. ಎಲ್ಲೋ ಒಂದು ಹನಿ. ಇನ್ನೆಲ್ಲೋ ಅದಕ್ಕೆ ಉತ್ತರದಂತೆ ಇನ್ನೊಂದು ಹನಿ. ಗೋಡೆಯ ಮೇಲೆ ತೇವದ ಕಲೆ, ಬೆನ್ನು ಮಾಡಿ ಕೂತವರ ಆಕಾರದಲ್ಲಿ. ಮೀಟರಿನ ಸಣ್ಣ ಚಕ್ರ ತಿರುಗುತ್ತಿತ್ತು. ಕಾಗುಣಿತ ಮೌಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇವನ್ಯಾಕೆ ಇನ್ನೂ ಒಳಗೆ ಹೋಗ್ತಿದ್ದಾನೆ?" ಎಂದರು ಅತ್ತೆ. "ಮೀಟರ್ ಬಾಗಿಲ ಹತ್ರಾನೇ ಇದೆ. ಓದ್ಕೊಂಡು ಮನೆಗೆ ಹೋಗಬಾರದಾ?"

"ಡ್ಯೂಟಿ ಅತ್ತೆ."

"ಸುಡುಗಾಡು ಡ್ಯೂಟಿ."

"ಮಂಜು ಚೆನ್ನಾಗಿದೆ," ಎಂದಳು ಹೆಂಡತಿ. "ಆದರೆ ಇವನ ಟಾರ್ಚು ಯಾಕೆ ಇಷ್ಟು ಮಂಕು? ಸರ್ಕಾರ ಕೊಟ್ಟಿದ್ದಾ?"

"ಇಂಥ ಕೆಲಸಕ್ಕೆ ಹೋಗೋನು ಪಾಲಿಸಿ ಮಾಡಿಸಿರಬೇಕಾಗಿತ್ತು," ಎಂದ ವಿಮೆ ಏಜೆಂಟ್, ಮೂಲೆಯಿಂದಲೇ.

ಆಗ ಗೋಡೆಯೊಳಗಿಂದ ಒಂದು ಉಸಿರು ಎದ್ದಿತು. ಆಳವಾದ, ಒದ್ದೆಯಾದ, ಎಳೆದೆಳೆದು ಹರಿಯುವ ಉಸಿರು. ಎಲ್ಲರ ರೋಮ ನಿಮಿರಿತು. ಅತ್ತೆ ಮಾತ್ರ ಕಿವಿ ಕೊಟ್ಟು ಕೇಳಿ, ಮಗಳ ಕಡೆ ತಿರುಗಿದರು.

"ಲೇ, ಇದು ಯಾರ ಗೊರಕೆ?"

ನಾದಿನಿ ತಲೆ ತಗ್ಗಿಸಿದಳು. "ನಿಧಾನ ಮಾಡಿದ್ದೀನಿ ಅಷ್ಟೇ ಅಮ್ಮ."

ಅತ್ತೆ ಒಂದು ಗಳಿಗೆ ಸಿಟ್ಟಾಗಲು ಯೋಚಿಸಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ಸಾವಿರಾರು ಜನರನ್ನು ಮಲಗಿದಲ್ಲಿಂದಲೇ ನಡುಗಿಸಿದ ಹೆಂಗಸು ಕೂರುವ ರೀತಿ ಅದು.

ಇದ್ದಕ್ಕಿದ್ದಂತೆ ಎಲ್ಲ ಸದ್ದೂ ನಿಂತಿತು. ಹನಿಯಿಲ್ಲ, ಹೆಜ್ಜೆಯಿಲ್ಲ. ಕಾಗುಣಿತನಿಗೆ ತನ್ನ ಎದೆಬಡಿತ ತನಗೇ ಕೇಳತೊಡಗಿತು.

"ಇಲ್ಲಿ ಸದ್ದೇ ಇಲ್ಲವಲ್ಲಮ್ಮ," ಎಂದು ಪಿಸುಗುಟ್ಟಿದ.

"ಅದನ್ನೂ ನಾನೇ ಮಾಡಿದ್ದು ಭಾವ."

ಕಲೆ ತಿರುಗಿ ನೋಡಿತು. ಕಾಗುಣಿತ "ಸತ್ತೆ" ಎಂದು ಕೂಗಿ, ಮೌಸ್ ಎಸೆದು, ಮೇಜಿನ ಕೆಳಗೆ ಹೋದ. ವಿಮೆ ಏಜೆಂಟ್ ಕಸುಬಿನ ಅಭ್ಯಾಸದಿಂದ ಅವನ ನಾಡಿ ಹಿಡಿದು ನೋಡಿ, "ಇದ್ದಾರೆ" ಎಂದು ಘೋಷಿಸಿದ. ಆಮೇಲೆ ಮೇಜಿನ ಕೆಳಗಿಂದ ಒಂದು ದನಿ ಬಂತು.

"ಭಯಂಕರವಾಗಿದೆ ಕಣಮ್ಮ."

"ಯಾವ ಡಬ್ಬಿಗೆ ಭಾವ?"

ನಾದಿನಿಯೇ ಮೌಸ್ ಹಿಡಿದು ಆಟವನ್ನು ಕೊನೆಯವರೆಗೆ ಒಯ್ದಳು. ಮೀಟರ್ ಓದುವವನು ಎದ್ದು ಆಕಳಿಸಿ ಹಲ್ಲುಜ್ಜತೊಡಗಿದ. ಅಷ್ಟು ಹೊತ್ತು ಕುರ್ಚಿಯ ಅಂಚಿನಲ್ಲಿದ್ದ ವಿಮೆ ಏಜೆಂಟ್ ದೊಪ್ಪನೆ ಹಿಂದಕ್ಕೆ ಒರಗಿದ.

"ಕನಸಾ? ಇಷ್ಟೊತ್ತು ಹೆದರಿದ್ದೆಲ್ಲ ದಂಡ. ಬರೆದವನಿಗೆ ದೊಡ್ಡ ನಮಸ್ಕಾರ."

ಕಾಗುಣಿತ ಮೇಜಿನ ಕೆಳಗಿಂದ ತಲೆ ಹೊರಹಾಕಿ ಏಜೆಂಟನ ಕೈ ನೋಡಿದ. ಅದು ನಮಸ್ಕಾರ ಮಾಡುತ್ತಿರಲಿಲ್ಲ. ಕುರ್ಚಿಯ ತೋಳನ್ನು ಗುದ್ದುತ್ತಿತ್ತು. ತನ್ನ ಹಸಿರು ಡಬ್ಬಿಯಲ್ಲಿ ತುಂಬಿಟ್ಟ ಅಷ್ಟೂ ನಮಸ್ಕಾರಗಳು ಅವನ ಕಣ್ಣ ಮುಂದೆ ಒಂದೊಂದಾಗಿ ಮುಷ್ಟಿ ಬಿಗಿದವು.

ಬೆಳಗ್ಗೆ ಕಚೇರಿ ತೆರೆಯುವ ಮುಂಚೆಯೇ ಅವನು ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದ.

"ಸಾರ್, ಡಬ್ಬಿ ಅದಲುಬದಲಾಗಿದೆ. ಕೆಂಪೆಲ್ಲ ಹಸಿರು. ಹಸಿರೆಲ್ಲ ಕೆಂಪು. ಸತ್ತವರೆಲ್ಲ ಬದುಕಿದ್ದಾರೆ."

ಮ್ಯಾನೇಜರ್ ಕನ್ನಡಕ ತೆಗೆದರು. "ವರದಿ ಮೇಲೆ ಹೋಗಿದೆ ಕಾಗುಣಿತ."

"ಕೆಳಗೆ ಇಳಿಸಿ ಸಾರ್."

"ಮೇಲೆ ಹೋಗಿದ್ದು ಕೆಳಗೆ ಬರಲ್ಲ."

ಲೋಕದ ಎಲ್ಲ ವಸ್ತುವೂ ಮೇಲಿಂದ ಕೆಳಗೆ ಬೀಳುತ್ತದೆ. ಕಚೇರಿಯ ತಪ್ಪು ಮಾತ್ರ ಕೆಳಗಿಂದ ಮೇಲೆ ಹೋಗಿ ಅಲ್ಲೇ ಬೇರು ಬಿಡುತ್ತದೆ. ಅದರ ಕೊಂಬೆಗಳಲ್ಲಿ ಯಾರ್ಯಾರದೋ ಹೆಂಡತಿಯರ ತಮ್ಮಂದಿರು ಹಣ್ಣಾಗುತ್ತಾರೆ. ಉದುರುವುದು ಬುಡದಲ್ಲಿ ನೀರು ಹೊತ್ತವರ ತಲೆ.

"ನಿಮ್ಮ ನಾದಿನಿ ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟಿದ್ದಾಳೆ," ಎಂದರು ಮ್ಯಾನೇಜರ್. "ಗುರುವಾರ ವಿಚಾರಣೆ. ನೀವು ಬಂದು ಹೇಳಬೇಕಾದ್ದು ಇಷ್ಟೇ. ಭಯಂಕರ ಅನ್ನೋದು ಬೈಗುಳ, ನಮಸ್ಕಾರ ಅನ್ನೋದು ಮೆಚ್ಚುಗೆ. ನಿಮ್ಮದೇ ವರದಿ."

"ಹೇಳದಿದ್ರೆ ಸಾರ್?"

"ಇವರಿಗೆ ಕನ್ನಡ ಬರಲ್ಲ ಅಂತ ಬರೆದು, ಮೊಹರು ಹಾಕಿ, ಮನೆಗೆ ಕಳಿಸ್ತೀನಿ."

ಬೇರೆ ಯಾವ ಬೆದರಿಕೆಗೂ ಕಾಗುಣಿತ ಜಗ್ಗುತ್ತಿರಲಿಲ್ಲವೇನೋ. ಇದಕ್ಕೆ ಜಗ್ಗಿದ. ಆ ಕಾಗದ ಕ್ಷೌರದಂಗಡಿಯವನ ಕೈಗೆ ಸಿಕ್ಕುವುದನ್ನು, ಅವನು ಅದಕ್ಕೆ ಚೌಕಟ್ಟು ಹಾಕಿಸಿ ಕನ್ನಡಿಯ ಪಕ್ಕ ತೂಗುಹಾಕುವುದನ್ನು ಕಾಗುಣಿತ ಕಣ್ಣಾರೆ ಕಂಡ.

ಕಾರ್ಮಿಕ ಅಧಿಕಾರಿಯ ಕೋಣೆಯಲ್ಲಿ ಒಂದು ಉದ್ದ ಮೇಜು, ಕಾಲು ಕುಂಟುವ ಆರು ಕುರ್ಚಿ, ಬಾಗಿಲಾಚೆ ತಮ್ಮ ಸರದಿಗೆ ಕಾಯುತ್ತ ನಿಂತ ಜನ. ಮೇಜಿನ ಆ ಬದಿಗೆ ಮ್ಯಾನೇಜರ್ ಮತ್ತು ಬಡ್ತಿ ಪಡೆದ ಅವರ ಹೆಂಡತಿಯ ತಮ್ಮ. ಈ ಬದಿಗೆ ನಾದಿನಿ. ಅವಳ ಜೊತೆ ಅಕ್ಕ, ಮತ್ತು ತಮ್ಮ ಗೊರಕೆಯೂ ಸಾಕ್ಷಿಯಾಗಬಹುದೆಂದು ಹಟ ಹಿಡಿದು ಬಂದ ಅತ್ತೆ. ಎರಡು ಬದಿಯ ನಡುವೆ, ಮೇಜಿನ ಅಡ್ಡಕ್ಕೆ, ಕಂಪನಿಯ ಕಂಪ್ಯೂಟರ್ ಮುಂದೆ ಕಾಗುಣಿತ.

"ಭಾವ," ಎಂದಳು ನಾದಿನಿ.

ಕಾಗುಣಿತನೂ ತಿರುಗಿದ, ಮ್ಯಾನೇಜರೂ ತಿರುಗಿದರು. ಹೆಂಡತಿಯ ತಮ್ಮ ಭಾವ ಎಂದಾಗಲೆಲ್ಲ ತಿರುಗಿ ತಿರುಗಿ ಅವರ ಕತ್ತಿಗೆ ಅಭ್ಯಾಸವಾಗಿತ್ತು.

"ಎಷ್ಟು ಜನ ಭಾವಂದಿರಮ್ಮ ನಿಮಗೆ?" ಎಂದರು ಅಧಿಕಾರಿ.

"ಒಬ್ಬರೇ ಸಾರ್. ಅವರೇ ನನ್ನ ಕೆಲಸ ಕಳೆದಿದ್ದು. ಇನ್ನೊಬ್ಬರು ಆಟದ ಕೊನೆ ಬರೆದ ಇವರ ಭಾವ. ಅವರು ಇವರಿಗೆ ಬಡ್ತಿ ಕೊಟ್ಟಿದ್ದು. ಒಂದೊಂದು ಮನೇಲಿ ಒಂದೊಂದು ಥರದ ಭಾವಂದಿರು."

ಅಧಿಕಾರಿ ಕಾಗುಣಿತನ ಕಡೆ ತಿರುಗಿದರು. "ವಿಂಗಡಿಸಿದ್ದು ನೀವೇ ಅಲ್ವಾ. ಓದಿ."

ಕಾಗುಣಿತ ಓದಿದ. ಕರಡು ಓದುವ ಅಭ್ಯಾಸ ಕೈಬಿಟ್ಟಿರಲಿಲ್ಲ. "ಭಯಂಕರ, ಪೂರ್ಣವಿರಾಮ. ಅಪ್ಪಾ, ಅಲ್ಪವಿರಾಮ, ಎಂಥಾ ಸದ್ದು, ಪೂರ್ಣವಿರಾಮ. ಹೆಡ್‌ಫೋನ್ ತೆಗೆದು ಅಮ್ಮನ ಪಕ್ಕ ಹೋಗಿ ಮಲಗಿದೆ, ಅಲ್ಪವಿರಾಮ, ನನಗೆ ಈಗ ನಲವತ್ತು ವರ್ಷ, ಪೂರ್ಣವಿರಾಮ."

ಬಾಗಿಲ ಹತ್ತಿರ ಯಾರೋ ಕಿಸಕ್ಕೆಂದರು. ಪಕ್ಕದ ಕೋಣೆಯ ಗುಮಾಸ್ತರು ಬಂದು ನಿಂತರು. ಒಬ್ಬ ಗುಮಾಸ್ತ ಪಿಸುದನಿಯಲ್ಲಿ ಆಟದ ಹೆಸರು ಕೇಳಿಕೊಂಡು ಹೋದ.

"ಇದು ಯಾವ ಡಬ್ಬಿಯಲ್ಲಿದೆ?" ಎಂದರು ಅಧಿಕಾರಿ.

"ಕೆಂಪು ಸಾರ್."

"ಮುಂದಿನದು?"

"ಕೊನೆ ನೋಡಿ ಕಣ್ಣಲ್ಲಿ ನೀರು ಬಂತು, ಅಲ್ಪವಿರಾಮ, ಆಕಳಿಸಿ ಆಕಳಿಸಿ, ಪೂರ್ಣವಿರಾಮ. ಇದು ಹಸಿರು ಸಾರ್."

ಕೋಣೆ ತುಂಬ ನಗು. ಅಧಿಕಾರಿಯೂ ನಕ್ಕರು. "ಭಯಂಕರ ಜನ ಕಣ್ರೀ ಇವರು," ಎಂದರು. ಎಂದವರು ತಮ್ಮ ಮಾತು ತಮಗೇ ಕೇಳಿಸಿ, ನಗು ನಿಲ್ಲಿಸಿ, ಮೇಜಿನ ಮೇಲಿನ ಕಾಗದವನ್ನು ನೇರ ಮಾಡಿದರು. ಅಷ್ಟರಲ್ಲಿ ಆ ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಸತ್ಯ ಗೊತ್ತಾಗಿತ್ತು. ಸತ್ಯ ಗೊತ್ತಾದ ಮೇಲೆ ಅದನ್ನು ಎಲ್ಲಿ ಬಚ್ಚಿಡುವುದು ಎಂಬುದೊಂದೇ ಸರ್ಕಾರದ ಮುಂದೆ ಉಳಿಯುವ ಪ್ರಶ್ನೆ.

ಅಧಿಕಾರಿ ಗಂಟಲು ಸರಿಪಡಿಸಿಕೊಂಡರು. "ನೋಡಿ, ಕಂಪನಿಗೂ ಮುಜುಗರ ಬೇಡ, ಈಯಮ್ಮನಿಗೂ ತೊಂದರೆ ಬೇಡ. ಮೂರನೇದು ಒಂದು ಡಬ್ಬಿ ಮಾಡಿ. ಸಾಧಾರಣ ಅಂತ. ಭಯಂಕರ, ನಮಸ್ಕಾರ, ಎಲ್ಲಾನೂ ಅದಕ್ಕೆ ಹಾಕಿಬಿಡಿ. ಯಾರೂ ಬೈದಿಲ್ಲ, ಯಾರೂ ಹೊಗಳಿಲ್ಲ. ಮುಗೀತು."

ಮ್ಯಾನೇಜರ್ ಮುಖ ಅರಳಿತು. "ಒಪ್ಪಿದೆ ಸಾರ್. ಈಯಮ್ಮನ್ನ ವಾಪಸ್ ತಗೋತೀವಿ. ಮಕ್ಕಳಿಗೆ ಲೆಕ್ಕ ಹೇಳಿಕೊಡೋ ಆಟ ಇದೆ. ಸರಿ ಉತ್ತರಕ್ಕೆ ಟಿಂಗ್, ತಪ್ಪಿಗೆ ಟುಸ್. ಅದ್ನ ಮಾಡ್ಕೊಂಡಿರಲಿ."

"ಎಷ್ಟು ದಿನ?" ಎಂದಳು ನಾದಿನಿ.

"ನಿವೃತ್ತಿ ಆಗೋವರೆಗೂ."

"ಮತ್ತೆ ಕೊನೆ?" ಎಂದು ಹೆಂಡತಿಯ ತಮ್ಮ ಗಾಬರಿಯಿಂದ ಕೇಳಿದ.

"ನಿನ್ನ ಕೊನೆ ನಿನ್ನ ಹತ್ರಾನೇ ಇರುತ್ತೆ, ಸುಮ್ನಿರು," ಎಂದರು ಮ್ಯಾನೇಜರ್.

ಹೆಂಡತಿ ಗಂಡನ ಕಡೆ ನೋಡಿದಳು. ಅತ್ತೆ ಅಳಿಯನ ಕಡೆ ನೋಡಿದರು. ನಾದಿನಿ ಯಾರ ಕಡೆಗೂ ನೋಡಲಿಲ್ಲ. ಅವಳು ತನ್ನೆರಡು ಕೈಗಳನ್ನು ಮೇಜಿನ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡು, ಅವುಗಳಿಗೆ ಟಿಂಗ್ ಕಲಿಸುವುದು ಹೇಗೆಂದು ಯೋಚಿಸುತ್ತಿರುವವಳಂತೆ ಕೂತಿದ್ದಳು.

ಪರದೆಯ ಮೇಲೆ ಮೂರನೇ ಡಬ್ಬಿ ಎದ್ದಿತು. ಬೂದು ಬಣ್ಣದ್ದು. ಅಧಿಕಾರಿ ಮೌಸನ್ನು ಕಾಗುಣಿತನ ಕೈಯ ಹತ್ತಿರ ಸರಿಸಿದರು.

"ಹಾಕಿ. ನಿಮ್ಮ ಕೆಲಸಾನೂ ಉಳಿಯುತ್ತೆ. ನಿಮ್ಮ ಕನ್ನಡಕ್ಕೂ ಏನೂ ಆಗಲ್ಲ."

ಕಾಗುಣಿತ ಬೂದು ಡಬ್ಬಿಯನ್ನು ನೋಡಿದ. ತಪ್ಪು ಅಚ್ಚಾದ ಪುಟವನ್ನು ನೋಡುವ ನೋಟ ಅದು.

"ಸಾರ್, ನಾನು ಕೆಂಪಿಗೆ ಹಾಕಿದ್ದು ತಪ್ಪು. ಪೂರ್ತಿ ತಪ್ಪು. ಆದರೂ ಜನ ಹೆದರಿದ್ರು ಅನ್ನೋದು ಅಲ್ಲಿ ಉಳಿದಿತ್ತು. ಇದಕ್ಕೆ ಹಾಕಿದ್ರೆ ಯಾರೂ ಹೆದರಲೇ ಇಲ್ಲ ಅಂತ ಆಗುತ್ತೆ. ನಾನು ಮೇಜಿನ ಕೆಳಗೆ ಹೋಗಿದ್ದೆ ಸಾರ್. ಅದು ಸಾಧಾರಣ ಅಲ್ಲ."

"ಇದು ಆದೇಶ ಕಾಗುಣಿತ," ಎಂದರು ಮ್ಯಾನೇಜರ್. ಜೇಬಿನಿಂದ ಪೆನ್ನು ತೆಗೆದು, ಒಂದು ಖಾಲಿ ಹಾಳೆಯನ್ನು ಹತ್ತಿರ ಎಳೆದುಕೊಂಡರು. "ಬರೀಲಾ?"

"ಬರೀರಿ ಸಾರ್. ಇವನಿಗೆ ಕನ್ನಡ ಬರಲ್ಲ ಅಂತಲೇ ಬರೀರಿ. ಮೊಹರೂ ಹಾಕಿ." ಅವನು ಮೌಸನ್ನು ಅಧಿಕಾರಿಯ ಕಡೆಗೆ ತಳ್ಳಿ, ಕೈಕಟ್ಟಿ ಕೂತ. "ಭಯಂಕರ ಹಸಿರಿಗೆ ಹೋಗುತ್ತೆ. ಇದಕ್ಕೆ ನಾನು ಹಾಕಲ್ಲ."